ಒಂದು ಅವರೆಕಾಳು ಕಡಿಮೆ

ಹೋದ ಭಾನುವಾರ ಗಂಗಾನಗರದ ನಮ್ಮ ಮನೆಯಲ್ಲಿ ವರ್ಷದ ಹುಣಸೆಹಣ್ಣು ಬಿಡಿಸುವ ಕೆಲಸ ನಡೆಯಿತು. ಸೊಸೆ ವಸುಧಾ ಹಾಲ್‌ನಲ್ಲಿ ಹಳೆಯ ಪೇಪರು ಹರಡಿ, ಐದು ಕೆಜಿ ಹುಣಸೆ ಸುರಿದು, ನನ್ನ ಮುಂದೆಯೂ ಒಂದು ತಟ್ಟೆ ಇಟ್ಟಳು. ಈಗ ನನ್ನನ್ನು ನಂಬಿ ಒಪ್ಪಿಸುವ ಕೆಲಸಗಳು ಎರಡೇ. ಕೊರಿಯರ್ ಬಂದರೆ ಸಹಿ ಹಾಕುವುದು, ಹುಣಸೆಯ ಬೀಜ ತೆಗೆಯುವುದು. ಮೊದಲನೆಯದರಲ್ಲಿ ಕೆಲವು ತಪ್ಪುಗಳಾಗಿವೆ.

ಹುಳಿ ವಾಸನೆ ಮೂಗಿಗೆ ಏರುತ್ತಿತ್ತು. ನಾಲ್ಕನೆಯದೋ ಐದನೆಯದೋ ಬೀಜ ಬೆರಳಿಗೆ ಸಿಕ್ಕಿದಾಗ ಕೈ ತಾನಾಗಿ ನಿಂತಿತು. ಹುಣಸೆ ಬೀಜದ ನುಣುಪು ಗೊತ್ತಲ್ಲ, ಕಣ್ಣು ಮುಚ್ಚಿದರೂ ಬೆರಳು ಗುರುತು ಹಿಡಿಯುತ್ತದೆ.

"ಏನ್ ಮಾವ, ಕೈ ನೋಯ್ತಿದ್ಯಾ?" ಎಂದಳು ವಸುಧಾ.

"ಇಲ್ಲಮ್ಮ. ಈ ಬೀಜ ನಾನು ಮೂರು ಸಲ ಹಾಕಿದ್ದೆ."

"ಎಲ್ಲಿಗೆ?"

"ಚೊಂಬಿಗೆ."

ಅವಳು ಬಿಪಿ ಮಾತ್ರೆಯ ಡಬ್ಬಿಯ ಕಡೆ ನೋಡಿದಳು. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀವು ಬೀಜ ತೆಗೆಯಬೇಕಾಗಿಲ್ಲ, ಸುಮ್ಮನೆ ಕೂತು ಕೇಳಿದರೆ ಸಾಕು.

ಐವತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಒಂದು ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಹೈಸ್ಕೂಲು ಮುಗಿಸಿದ್ದೆ, ಅಕ್ಷರ ದುಂಡಗಿತ್ತು. ಸಂಜೆಯಾದರೆ ಬಾಲ್ ಬ್ಯಾಡ್ಮಿಂಟನ್. ಈಗಿನವರಿಗೆ ಆ ಆಟ ಗೊತ್ತಿರಲಿಕ್ಕಿಲ್ಲ. ಹಳದಿ ಉಣ್ಣೆಯ ಪುಟ್ಟ ಚೆಂಡು, ಮಣ್ಣಿನ ಅಂಕಣ, ಸುಣ್ಣದ ಗೆರೆ, ನಡುವೆ ನೆಟ್ಟು, ಆಚೆ ಐದು ಜನ, ಈಚೆ ಐದು ಜನ. ಯಾರು ಮೊದಲು ಇಪ್ಪತ್ತೊಂಬತ್ತು ಪಾಯಿಂಟು ಮಾಡಿದರೋ ಅವರು ಗೆದ್ದ ಹಾಗೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಖಾಲಿ ಜಾಗದಲ್ಲಿ ನಮ್ಮ ಕ್ಲಬ್ಬು ಆಡುತ್ತಿತ್ತು. ಕ್ಲಬ್ಬು ಎಂದರೆ ದೊಡ್ಡದೇನೂ ಅಲ್ಲ: ಎರಡು ಕಂಬ, ಒಂದು ನೆಟ್ಟು, ಒಂದು ಮಿನಿಟ್ಸ್ ಪುಸ್ತಕ. ಅಕ್ಷರ ದುಂಡಗಿದ್ದುದರಿಂದ ನಾನೇ ಕಾರ್ಯದರ್ಶಿ.

ಆದರೆ ನಮ್ಮಲ್ಲಿ ಒಂದು ಗೋಡೆ ಇತ್ತು. ಸ್ಟೇಷನ್ ರಸ್ತೆಯಲ್ಲಿ ಭಟ್ಟರ ಹೋಟೆಲಿನ ಒಳಕೋಣೆಯ ಗೋಡೆ. ಬ್ಯಾಟು ಕೆಳಗಿಟ್ಟ ಹಳೆಯ ಆಟಗಾರರಲ್ಲಿ ಯೋಗ್ಯರಾದವರ ಫೋಟೋ ಅಲ್ಲಿ ತೂಗುತ್ತಿತ್ತು. ಸ್ಟುಡಿಯೋದ ಪರದೆಯಲ್ಲಿ ಬರೆದ ಅರಮನೆಯ ಮುಂದೆ ಬ್ಯಾಟು ಹಿಡಿದು ನಿಂತ ಫೋಟೋ. ಆ ಗೋಡೆಗೆ ಏರುವುದು ಸುಲಭವಿರಲಿಲ್ಲ. ಆಟ ಬಿಟ್ಟು ಮೂರು ವರ್ಷವಾಗಿರಬೇಕು, ಆಮೇಲೆ ಏಳು ಜನರ ಕಮಿಟಿ ಒಪ್ಪಬೇಕು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಸಭೆ. ದೇಶದಲ್ಲಿ ಗುಪ್ತ ಮತದಾನ ಹೊಸದಾಗಿ ಬಂದಿತ್ತು, ಅದರ ಹುಮ್ಮಸ್ಸು ನಮಗೂ ತಗುಲಿತ್ತು. ಭಟ್ಟರು ಪ್ರತಿಯೊಬ್ಬರ ಕೈಗೂ ಒಂದು ಒಣ ಅವರೆಕಾಳು, ಒಂದು ಹುಣಸೆ ಬೀಜ ಕೊಡುತ್ತಿದ್ದರು. ಫೋಟೋ ಬೇಕು ಎನ್ನುವವರು ಹಿತ್ತಾಳೆ ಚೊಂಬಿಗೆ ಅವರೆಕಾಳು ಹಾಕಬೇಕು, ಬೇಡ ಎನ್ನುವವರು ಹುಣಸೆ ಬೀಜ. ಉಳಿದದ್ದು ಜೇಬಿಗೆ. ಒಂದೇ ಒಂದು ಹುಣಸೆ ಬೀಜ ಬಿದ್ದರೂ ಆ ವರ್ಷ ಫೋಟೋ ಇಲ್ಲ. ಎಣಿಸುವವರು ಭಟ್ಟರು. ಅವರಿಗೆ ಆಟದ ಗಂಧವೇ ಇರಲಿಲ್ಲ, ಹಾಗಾಗಿ ನಿಷ್ಪಕ್ಷಪಾತಿಗಳು.

ಚೊಂಬು ಬರುವ ಮೊದಲು ಎರಡು ಗಂಟೆ ವಾದ. ವಾದದಲ್ಲಿ ಮುಂದಾಳು ಶಾಮಣ್ಣ. ಮಿಲ್ಲಿನಲ್ಲಿ ಫಿಟ್ಟರು, ಗಂಟಲು ಮಿಲ್ಲಿನ ಸೈರನ್ನಿನದು. ದೊರೆಸ್ವಾಮಿ ಎಂಬ ಹಳೆಯ ಆಟಗಾರ ಸರ್ವಿಸ್ ಮಾಡುವ ಮುಂಚೆ ಚೆಂಡನ್ನು ಬೆವರಿನ ಬನಿಯನ್ನಿಗೆ ಒರೆಸುತ್ತಿದ್ದ. ಉಣ್ಣೆ ತೇವ ಹೀರಿ ಭಾರವಾಗಿ, ಚೆಂಡು ನೆಟ್ಟು ದಾಟಿದ ಕೂಡಲೇ ಧೊಪ್ಪನೆ ಬೀಳುತ್ತಿತ್ತು. ಅವನು ಗೆಲ್ಲಿಸಿದ ಆಟಗಳಿಗೆ ಲೆಕ್ಕವಿಲ್ಲ. ಗೋಡೆಗೆ ಯೋಗ್ಯನೋ ಅಲ್ಲವೋ ಎಂದು ಎರಡು ವರ್ಷ ಚರ್ಚೆಯಾಯಿತು.

"ಆಟ ನೋಡ್ಬೇಕ್ರೀ, ಬೆವರು ನೋಡಬಾರ್ದು," ಎಂದರು ಒಬ್ಬರು.

"ಆಡಿದ್ದೇ ಬೆವರು ಕಣ್ರೀ!" ಎಂದ ಶಾಮಣ್ಣ. "ಒಂದ್ ಕೆಲ್ಸ ಮಾಡಿ. ಅವ್ನ ಬನಿಯನ್ನಿಗೆ ಕಟ್ಟು ಹಾಕ್ಸಿ, ಅದನ್ನೇ ತೂಗುಹಾಕಿ."

ಭಟ್ಟರು ಒಳಗಿನಿಂದ, "ಹೋಟ್ಲು ಮಾರಾಯ್ರೇ, ಊಟ ಮಾಡುವ ಜಾಗ," ಎಂದರು. ದೊರೆಸ್ವಾಮಿಯ ವಿಷಯ ಅಲ್ಲಿಗೆ ಮುಗಿಯಿತು.

ಇನ್ನು ಮರಿಯಪ್ಪ. ಶೆಟ್ಟಿಹಳ್ಳಿಯ ರೈತ. ಮಧ್ಯಾಹ್ನದ ಹಾಲು ಕರೆದು, ಅಲ್ಲಿಂದ ಬರಿಗಾಲಲ್ಲಿ ನಡೆದು ಬಂದು ಆಡಿ, ಮತ್ತೆ ನಡೆದು ಹೋಗುತ್ತಿದ್ದವನು. ಹಿಂದಿನ ಸಾಲಿನಲ್ಲಿ ಎಡಗಡೆ ಅವನ ಜಾಗ. ಎಡಗೈ ಆಟ. ಅವನ ಕಡೆ ಹೋದ ಚೆಂಡು ಹಿಂದಿರುಗಿ ಬರುವುದನ್ನು ನಾವು ಸೂರ್ಯ ಹುಟ್ಟುವಷ್ಟು ಸಹಜವೆಂದು ತಿಳಿದಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು 'ಸಾಮಿ' ಎನ್ನುತ್ತಿದ್ದ. ಯಾರಿಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ. ನನಗಂತೂ ಇಲ್ಲ.

ಮಂಡಿನೋವಿನಿಂದ ಅವನು ಆಟ ಬಿಟ್ಟ. ಮೂರು ವರ್ಷ ಕಳೆದು ಅವನ ಹೆಸರು ಬಂದಾಗ ಎದುರಿಗಿದ್ದ ಅಡ್ಡಿ ಒಂದೇ: ಯಲಹಂಕದ ಫೈನಲ್. ಮೂರನೆಯ ಗೇಮು, ಎರಡೂ ಕಡೆ ಇಪ್ಪತ್ತೆಂಟು. ಚೆಂಡು ಎತ್ತರಕ್ಕೆ ಏರಿ, ನಡುವೆ ಆಡುತ್ತಿದ್ದ ನನಗೂ ಹಿಂದಿದ್ದ ಮರಿಯಪ್ಪನಿಗೂ ಮಧ್ಯೆ ಇಳಿದು, ಯಾರ ಬ್ಯಾಟಿಗೂ ಸಿಗದೆ ನೆಲಕ್ಕೆ ಬಿತ್ತು. ಮರಿಯಪ್ಪ ಚೆಂಡು ಬಿಟ್ಟ, ಕಪ್ ಹೋಯಿತು. ಊರಿಗೆಲ್ಲ ಗೊತ್ತಿದ್ದ ಕತೆ ಇಷ್ಟು.

ಊರಿಗೆ ಗೊತ್ತಿಲ್ಲದ್ದು ಇದು. ಚೆಂಡು ಇಳಿಯುವಾಗ ನಾನು "ನಂದೂ!" ಎಂದು ಕೂಗಿದ್ದೆ. ಜನರ ಗದ್ದಲದಲ್ಲಿ ಅದು ಕೇಳಿದ್ದು ಮರಿಯಪ್ಪನಿಗೆ ಮಾತ್ರ. ಎತ್ತಿದ ಬ್ಯಾಟನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಆಗ ನನ್ನ ಕೈ ಏಳಲಿಲ್ಲ. ಬಿಸಿಲು ಕಣ್ಣಿಗೆ ಹೊಡೆದಿರಲಿಲ್ಲ, ಕಾಲು ಜಾರಿರಲಿಲ್ಲ, ಹೆದರಿದೆ ಅಷ್ಟೆ. ಚೆಂಡು ಬಿದ್ದ ಮೇಲೆ ಗದ್ದಲ ಒಂದು ಕ್ಷಣ ನಿಂತಿತು. ಆ ಕ್ಷಣದಲ್ಲಿ ನಾನು ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಯಾಕೋ ಬಿಟ್ಟೆ ಮರಿಯಪ್ಪ?" ಎಂದೆ.

ಅವನು ನನ್ನ ಮುಖ ನೋಡಿದ. ಬಾಗಿ ಚೆಂಡು ಎತ್ತಿಕೊಂಡು, ಮಣ್ಣು ಕೊಡವಿ, ಅಂಪೈರಿಗೆ ಕೊಟ್ಟ. ಆ ವಿಷಯ ಮತ್ತೆ ಎತ್ತಲಿಲ್ಲ.

ಗೋಡೆಗೆ ಇನ್ನೊಂದು ನಿಯಮವಿತ್ತು, ಅದೇ ನನ್ನ ನಿದ್ದೆ ಕೆಡಿಸಿದ್ದು. ಫೋಟೋ ಏರುವ ದಿನ ಆ ಮನುಷ್ಯ ಎದ್ದು ನಿಂತು, ತಾನು ಗೆದ್ದ ಒಂದು ಆಟ, ಸೋತ ಒಂದು ಆಟ ಹೇಳಬೇಕು. ಮರಿಯಪ್ಪ ಎದ್ದು ನಿಂತರೆ ಸೋತ ಆಟ ಯಾವುದನ್ನು ಹೇಳುತ್ತಾನೆ? ಹಾಗಾಗಿ ಅವನು ಏಳದಂತೆ ನೋಡಿಕೊಳ್ಳುವುದು ನನ್ನ ಹೊಣೆ ಎಂದುಕೊಂಡೆ. ಮೊದಲ ವರ್ಷ ಚೊಂಬಿನಲ್ಲಿ ಆರು ಅವರೆಕಾಳು, ಒಂದು ಹುಣಸೆ ಬೀಜ. ಎರಡನೆಯ ವರ್ಷವೂ ಅಷ್ಟೇ. ವಾದದಲ್ಲಿ ನಾನು ಮರಿಯಪ್ಪನ ಪರವಾಗಿ ಚೆನ್ನಾಗಿ ಮಾತಾಡುತ್ತಿದ್ದೆ, ಅದನ್ನೂ ಹೇಳಿಬಿಡಬೇಕು. ಮಿನಿಟ್ಸ್ ಪುಸ್ತಕದಲ್ಲಿ 'ಕಾರ್ಯದರ್ಶಿಗಳು ಮನಮುಟ್ಟುವಂತೆ ಮಾತನಾಡಿದರು' ಎಂದು ಬರೆದಿತ್ತು. ಬರೆದವನು ನಾನೇ.

ಅನುಮಾನವೆಲ್ಲ ಶಾಮಣ್ಣನ ಮೇಲೆ. "ಫೈನಲ್ ಕಳೆದೋನಿಗೆ ಯಾವ್ ಗೋಡೆ ಕಣ್ರೀ?" ಎಂದು ಪ್ರತಿ ವರ್ಷ ಗುಡುಗುತ್ತಿದ್ದವನು ಅವನು. ಮೂರನೆಯ ವರ್ಷವೂ ಭಟ್ಟರು ಚೊಂಬಿನಿಂದ ಹುಣಸೆ ಬೀಜ ಎತ್ತಿ ತೋರಿಸಿದಾಗ ಎಲ್ಲರೂ ಅವನತ್ತ ತಿರುಗಿದರು. ಶಾಮಣ್ಣ ಕೆಂಪಾದ. ಜೇಬಿಗೆ ಕೈ ಹಾಕಿ, ಉಳಿದದ್ದನ್ನು ಟೇಬಲ್ಲಿನ ಮೇಲೆ ಕುಕ್ಕಿದ. ಹುಣಸೆ ಬೀಜ! ಅಂದರೆ ಅವನು ಚೊಂಬಿಗೆ ಹಾಕಿದ್ದು ಅವರೆಕಾಳು.

"ಬಾಯಲ್ಲಿ ಬೈತೀನಿ ಕಣ್ರಯ್ಯಾ. ಕೈಯಲ್ಲಿ ಅವ್ನಿಗೆ ಮೋಸ ಮಾಡಲ್ಲ. ಮೂರು ವರ್ಷದಿಂದ ಅವ್ನಿಗೇ ಹಾಕ್ತಿರೋದು. ಈಗ ಎಲ್ರೂ ಜೇಬು ತೋರ್ಸಿ!"

ಇಂಥ ದಿನ ಬರಬಹುದೆಂದು ನಾನು ಎರಡನೆಯ ವರ್ಷದಿಂದಲೇ ಮನೆಯಿಂದ ಒಂದು ಹುಣಸೆ ಬೀಜ ತಂದು ಇನ್ನೊಂದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಗುಮಾಸ್ತರಿಗೆ ಮುಂದಾಲೋಚನೆ ಇರುತ್ತದೆ. ತೋರಿಸಲು ಆ ಬೀಜವಿತ್ತು, ಉಳಿದದ್ದು ಕೈಯಲ್ಲಿದ್ದ ಅವರೆಕಾಳು. ಕೆಮ್ಮಿದಂತೆ ಮಾಡಿ ಬಾಯಿಗೆ ಹಾಕಿ ನುಂಗಿಬಿಟ್ಟೆ. ಒಣ ಅವರೆಕಾಳು ನೀರಿಲ್ಲದೆ ಇಳಿಯುವುದು ಕಷ್ಟ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ಅದನ್ನು ಮರಿಯಪ್ಪನ ಮೇಲಿನ ಪ್ರೀತಿ ಎಂದುಕೊಂಡು ಬೆನ್ನು ಸವರಿದರು.

ಟೇಬಲ್ಲಿನ ಮೇಲೆ ಏಳು ಹುಣಸೆ ಬೀಜ ಸೇರಿದವು. ಭಟ್ಟರು ಎಣಿಸಿದರು. ಚೊಂಬಿನದನ್ನು ಕೂಡಿದರು. ಮತ್ತೆ ಎಣಿಸಿದರು.

"ನಾನು ಕೊಟ್ಟದ್ದು ಏಳು ಹುಣಸೆ, ಏಳು ಅವರೆ. ಈಗ ಹುಣಸೆ ಎಂಟು ಉಂಟು. ಅವರೆ ಆರೇ. ಒಂದು ಅವರೆಕಾಳು ಕಡಿಮೆ."

ಹುಡುಕಾಟ ಶುರುವಾಯಿತು. ಬೆಂಚಿನ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ, ಶಾಮಣ್ಣನ ಪ್ಯಾಂಟಿನ ಮಡಿಕೆಯಲ್ಲಿ. ಅಷ್ಟರಲ್ಲಿ ಹೊರಗೆ ಕೂತು ತೀರ್ಮಾನಕ್ಕೆ ಕಾಯುತ್ತಿದ್ದ ಮರಿಯಪ್ಪ ಬಾಗಿಲಲ್ಲಿ ಇಣುಕಿದ.

"ಏನ್ ಉಡುಕ್ತಿದೀರಾ?"

"ಅವರೆಕಾಳು ಕಣೋ. ಒಂದು ಕಳೆದೋಗಿದೆ," ಎಂದರು ಯಾರೋ.

ಅವನು ಪಂಚೆ ಎತ್ತಿ ಕಟ್ಟಿ, ನೋಯುವ ಮಂಡಿ ಊರಿ, ನಮ್ಮ ಜೊತೆ ಹುಡುಕತೊಡಗಿದ. ನಾನೂ ಪಕ್ಕದಲ್ಲಿ ಮಂಡಿಯೂರಿ ಹುಡುಕುತ್ತಿದ್ದೆ. ಇಲ್ಲದ್ದನ್ನು ಹುಡುಕುವಾಗ ಉತ್ಸಾಹ ಹೆಚ್ಚು ತೋರಿಸಬೇಕಾಗುತ್ತದೆ. ಬೆಂಚಿನ ಕೆಳಗೆ ನಮ್ಮಿಬ್ಬರ ಮುಖ ಎದುರಾಯಿತು. ನನ್ನ ಕಣ್ಣಿನಲ್ಲಿ ಇನ್ನೂ ನೀರಿತ್ತು, ಗಂಟಲು ಸರಿಯಾಗಿರಲಿಲ್ಲ. ಅವನು ಯಲಹಂಕದಲ್ಲಿ ನೋಡಿದ ಹಾಗೆಯೇ ನೋಡಿದ.

"ಸಿಗಾಕಿಲ್ಲ ಬುಡಿ ಸಾಮಿ," ಎಂದ ಮೆಲ್ಲಗೆ. "ಎಲ್ಲೋಗೈತೋ ಅಲ್ಲೇ ಇರ್ಲಿ. ಒಸಿ ನೀರು ಕುಡೀರಿ."

ಎರಡು ದಿನ ಹೊಟ್ಟೆನೋವಿತ್ತು. ಕಾರಣ ಅವರೆಕಾಳೋ ಬೇರೆ ಏನಾದರೂ ಇತ್ತೋ, ವೈದ್ಯರಿಗೆ ತೋರಿಸಲಿಲ್ಲ.

ಚೊಂಬಿನ ಪದ್ಧತಿ ಅಲ್ಲಿಗೆ ನಿಂತಿತು. ಮರುವರ್ಷ ಕೈ ಎತ್ತುವುದೆಂದಾಯಿತು. ಏಳು ಕೈಗಳೂ ಎದ್ದವು, ನನ್ನದು ಎಲ್ಲರಿಗಿಂತ ಮೊದಲು. ಫೋಟೋ ಏರುವ ಸಂಜೆ ಮರಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎದ್ದು ನಿಂತ. ನಾನು ಮಿನಿಟ್ಸ್ ಪುಸ್ತಕ ಬಿಡಿಸಿ ಕೂತಿದ್ದೆ. ಕೈ ಬೆವರಿ ಹಾಳೆ ಅಂಟುತ್ತಿತ್ತು. ಗೆದ್ದ ಆಟ ಯಾವುದೋ ಹೇಳಿದ, ನನಗೆ ಕೇಳಲಿಲ್ಲ. ಆಮೇಲೆ ಹೇಳಿದ:

"ಸೋತಿದ್ದು ನಿಮ್ಗೆಲ್ಲ ಗೊತ್ತಿರೋದೇ. ಯಲಂಕದ್ದು. ಆ ಬಾಲು ನಂದು. ನಾನೇ ಬುಟ್ಟೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಮಣ್ಣ ಮೂಗು ಒರೆಸಿಕೊಂಡ. 'ಶ್ರೀ ಮರಿಯಪ್ಪನವರು ತಮ್ಮ ತಪ್ಪನ್ನು ಒಪ್ಪಿಕೊಂಡರು' ಎಂದು ನಾನು ದುಂಡಗೆ ಬರೆದೆ.

ಹೊರಗೆ ಬಂದಾಗ ಅವನು ಒಬ್ಬನೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. "ಯಾಕೆ ಹಂಗೆ ಹೇಳ್ದೆ ಮರಿಯಪ್ಪ?" ಎಂದು ಕೇಳಿದೆ.

"ನಂದು ಮುಗೀತಲ್ಲ ಸಾಮಿ. ನೀವಿನ್ನೂ ಆಡ್ಬೇಕು," ಎಂದ. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ಶೆಟ್ಟಿಹಳ್ಳಿಯ ದಾರಿ ಹಿಡಿದ.

ನಾನು ಇನ್ನೂ ಐದು ವರ್ಷ ಆಡಿದೆ. ಎಪ್ಪತ್ತರ ದಶಕದ ಮೊದಲಲ್ಲಿ ನನ್ನ ಫೋಟೋ ಕೂಡ ಏರಿತು, ಮರಿಯಪ್ಪನ ಪಕ್ಕದಲ್ಲೇ. ಎದ್ದು ನಿಂತು, ಸೋತ ಆಟವೆಂದು ಹೆಬ್ಬಾಳದಲ್ಲಿ ಮಳೆ ಬಂದು ಕೆಟ್ಟ ಒಂದು ಆಟದ ಕತೆ ಹೇಳಿದೆ. ಅವನು ಮುಂದಿನ ಬೆಂಚಿನಲ್ಲಿ ಕೂತು ಎಲ್ಲರಂತೆ ಚಪ್ಪಾಳೆ ತಟ್ಟಿದ. ಮುಂದೆ ಹೋಟೆಲು ಒಡೆದಾಗ ಫೋಟೋಗಳನ್ನು ಅವರವರ ಮನೆಗೆ ಮುಟ್ಟಿಸುವ ಕೆಲಸ ಕಾರ್ಯದರ್ಶಿಗೆ ಬಂತು. ಎಲ್ಲರ ಮನೆಗೂ ನಾನೇ ಹೋದೆ. ಶೆಟ್ಟಿಹಳ್ಳಿಗೆ ಮಾತ್ರ ಬೇರೆಯವರ ಕೈಲಿ ಕಳಿಸಿದೆ. ಅವನು ತೀರಿಕೊಂಡಾಗಲೂ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದೆ. ಜ್ವರವಿರಲಿಲ್ಲ.

ವಸುಧಾ ಇಷ್ಟನ್ನೂ ಕೇಳಿದಳು. ಮಧ್ಯೆ ಕೈ ನಿಲ್ಲಿಸಲಿಲ್ಲ. ಕೊನೆಗೆ, "ಅವ್ರ ಮನೇಲಿ ಈಗ ಯಾರಿದಾರೆ ಮಾವ?" ಎಂದಳು.

"ಮಗ ಇದಾನಂತೆ."

ಎದ್ದು ಕೈ ತೊಳೆದು, ಫೋನಿನಲ್ಲಿ ನನಗೆ ಶೆಟ್ಟಿಹಳ್ಳಿಗೆ ಆಟೋ ಕರೆದಳು. ನಾನು ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಒಣ ಅವರೆಕಾಳು ತೆಗೆದು ಜೇಬಿಗೆ ಹಾಕಿಕೊಂಡೆ.

ಮರಿಯಪ್ಪನ ಮಗ ನಾಲ್ಕು ಮಹಡಿ ಕಟ್ಟಿಸಿ, ಕೆಳಗಿನ ಮನೆಯಲ್ಲಿದ್ದಾರೆ. ಅವರಿಗೂ ಅರವತ್ತು ದಾಟಿದೆ. ಹಳೆಯ ವಿಷಯ ಒಂದಿದೆ, ನಿಮ್ಮ ತಂದೆಗೆ ಸಂಬಂಧಪಟ್ಟದ್ದು ಎಂದ ಕೂಡಲೇ ಅವರ ಮುಖ ಬಿಗಿಯಿತು. ಸೋಫಾದ ಅಂಚಿನಲ್ಲಿ ಕೂತರು. ಹಾಲ್‌ನ ಗೋಡೆಯಲ್ಲಿ ಆ ಫೋಟೋ ಇತ್ತು: ಅರಮನೆಯ ಪರದೆ, ಎಡಗೈಯಲ್ಲಿ ಬ್ಯಾಟು, ಬರಿಗಾಲು. ನಿಯಮದಂತೆ ನಾನು ಎದ್ದು ನಿಂತೆ. ಗೆದ್ದ ಆಟ ಮೊದಲು ಹೇಳಬೇಕು, ಒಂದೂ ನೆನಪಿಗೆ ಬರಲಿಲ್ಲ. ಸೋತದ್ದನ್ನೇ ಹೇಳಿದೆ. ಯಲಹಂಕ, ಇಪ್ಪತ್ತೆಂಟು, 'ನಂದೂ' ಎಂದು ಕೂಗಿದ್ದು, ಕೈ ಏಳದೆ ಹೋದದ್ದು. ಹುಣಸೆ ಬೀಜವನ್ನೂ ಹೇಳಿದೆ.

ಅವರು ದೊಡ್ಡದಾಗಿ ಉಸಿರುಬಿಟ್ಟರು. "ಅಷ್ಟೇನಾ ಸಾರ್? ನಾನು ಜಮೀನ್ ಪೇಪರ್ ವಿಷ್ಯ ಅಂದ್ಕೊಂಡೆ. ವಯಸ್ಸಾದೋರು ಯಾರ್ ಬಂದ್ರೂ ನಂಗೆ ಅದೇ ಭಯ."

ನಾನೂ ಸ್ವಲ್ಪ ನಕ್ಕೆ. ಅವರು ಫೋಟೋ ಕಡೆ ತಿರುಗಿದರು.

"ನಾವು ರೇಗಿಸ್ತಿದ್ವಿ ಸಾರ್ ಅಪ್ಪಂಗೆ. ಫೈನಲ್ ಕಳೆದೋನು, ಫೈನಲ್ ಕಳೆದೋನು ಅಂತ. ಮನೇಲಿ ಏನ್ ಕಳೆದೋದ್ರೂ ಅದೇ ಮಾತು. ಎಮ್ಮೆ ತಪ್ಪಿಸ್ಕೊಂಡ್ರೂ ಅದೇ. ನಮ್ಮಮ್ಮ, ನಾವು, ಆಮೇಲೆ ಮೊಮ್ಮಕ್ಕಳು. ಹೋದ ವರ್ಷದವರೆಗೂ... ಅಂದ್ರೆ ಅಪ್ಪ ಹೋದ ವರ್ಷದವರೆಗೂ. ಒಂದ್ ದಿನಾನೂ ಬಾಯಿ ಬಿಡ್ಲಿಲ್ಲ ಸಾರ್. ನಗ್ತಿದ್ರು."

ಅಷ್ಟು ವರ್ಷ ನಾನು ಲೆಕ್ಕ ಹಾಕಿದ್ದು ಗೋಡೆ ಕಳೆದುಕೊಂಡ ಮೂರು ಸಂಕ್ರಾಂತಿಗಳನ್ನು ಮಾತ್ರ. ಎಮ್ಮೆ ತಪ್ಪಿಸಿಕೊಂಡ ದಿನಗಳು ನನ್ನ ಪುಸ್ತಕದಲ್ಲಿ ಇರಲಿಲ್ಲ.

"ಕಾಫಿ ಆರೋಗ್ತಿದೆ ಸಾರ್," ಎಂದರು ಅವರು, ಸ್ವಲ್ಪ ಗಟ್ಟಿಯಾಗಿ.

ಕುಡಿದೆ. ಹೊರಡುವಾಗ ಫೋಟೋದ ಮುಂದೆ ಹೋಗಿ ನಿಂತು, ಕಟ್ಟಿನ ಅಂಚಿನ ಮೇಲೆ ಅವರೆಕಾಳನ್ನು ಇಟ್ಟೆ. ಮೊದಲ ಸಲ ಅದು ಕೆಳಗೆ ಬಿತ್ತು. ಅವರೇ ಬಾಗಿ ಹುಡುಕಿ, ಸೋಫಾದ ಕೆಳಗಿಂದ ತೆಗೆದುಕೊಟ್ಟರು. ಈ ಸಲ ಸಿಕ್ಕಿತು.

"ಇದೇನ್ ಸಾರ್?"

"ನಿಮ್ಮ ತಂದೆಯವರದು. ಒಂದು ಕಡಿಮೆ ಬಿದ್ದಿತ್ತು."

ಮನೆಗೆ ಬಂದಾಗ ಇನ್ನೂ ಎರಡು ಕೆಜಿ ಹುಣಸೆ ಉಳಿದಿತ್ತು. ವಸುಧಾ ತಟ್ಟೆ ಮುಂದಕ್ಕೆ ಸರಿಸಿದಳು. ಸಂಜೆಯವರೆಗೆ ಕೂತು ಬೀಜ ತೆಗೆದೆ. ಎಣಿಸಲಿಲ್ಲ.