ಬೆರಳು ಮುಟ್ಟದೆ ಬಿಟ್ಟ ಜಾಗ

೧೯೯೪, ಮಾರ್ಚ್ ೧೯, ಶನಿವಾರ, ಬೆಳಿಗ್ಗೆ ಆರೂವರೆ. ನಮ್ಮ ಸಾಲುಮನೆಗಳ ಚಾಳಿನಲ್ಲಿ ಪಕ್ಕದ ಮನೆಯ ಖಾಲಾ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಸುಣ್ಣದ ಗೋಡೆಯ ಮೇಲೆ, ಅವರ ಹಣೆಯ ಮೇಲೆ, ಎದುರು ನಿಂತ ಮಗನ ಬಿಳಿ ಅಂಗಿಯ ಮೇಲೆ ಕಪ್ಪು ಚುಕ್ಕೆಗಳು ಸಿಡಿದಿದ್ದವು. ಅವರ ಕೈಯಲ್ಲಿ ಬ್ಯಾಟರಿ ಬ್ರಷ್ ಒಂದು ಇನ್ನೂ ಗುಂಯ್ ಎನ್ನುತ್ತಿತ್ತು.

ಮಗ ಮಸ್ಕತ್ತಿನಲ್ಲಿ ಲಾರಿ ಡ್ರೈವರ್. ಹಿಂದಿನ ದಿನವಷ್ಟೇ ರಜೆಗೆ ಬಂದವನು ತಾಯಿಗೆಂದು ಅದನ್ನು ತಂದಿದ್ದ. ಖಾಲಾ ಪೇಸ್ಟಿನ ಬದಲು ಮಿಶ್ರಿ ಹಚ್ಚಿ ಗುಂಡಿ ಒತ್ತಿದ್ದರು.

"ಇದಕ್ಕ ಮಿಶ್ರಿ ಹಚ್ಚತಾರೇನ್ ಅಮ್ಮಾ?" ಎಂದ ಮಗ.

"ಹಲ್ಲು ತಿಕ್ಕು ಅಂದಿ, ತಿಕ್ಕಿದೆ. ಮಿಶ್ರಿ ಇಲ್ದ ಅದೆಂಥಾ ತಿಕ್ಕೂದೋ?" ಎಂದು ಖಾಲಾ ಸೆರಗಿನಿಂದ ಹಣೆ ಒರೆಸಿಕೊಂಡು ನನ್ನ ಕಡೆ ನೋಡಿದರು. "ದೂರ ನಿಂದ್ರವಾ, ಆಫೀಸಿನ ಸೀರಿ ಅದ."

ಮಿಶ್ರಿ ಎಂದರೆ ತಂಬಾಕಿನ ಎಲೆಯನ್ನು ಕಪ್ಪಗೆ ಹುರಿದು ಕುಟ್ಟಿದ ಪುಡಿ. ಖಾಲಾ ರೊಟ್ಟಿ ಬಡಿದು ಮುಗಿಸಿ, ಒಡಕು ಹಂಚಿನ ಮೇಲೆ ಅದನ್ನು ಹುರಿಯುತ್ತಿದ್ದರು. ಚಾಳಿನವರೆಲ್ಲ ಕೆಮ್ಮುತ್ತಿದ್ದೆವು. ಅವರ ಬಲಗೈ ತೋರುಬೆರಳಿನ ತುದಿ ಕಪ್ಪಗೇ ಇರುತ್ತಿತ್ತು. ಎಷ್ಟು ಹಿಟ್ಟು ನಾದಿದರೂ ಬಣ್ಣ ಹೋಗುತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಮಲಗುವಾಗ ಒಮ್ಮೆ ಆ ಬೆರಳು ಬಾಯಿಯೊಳಗೆ ಹೋಗುತ್ತಿತ್ತು. ಹಲ್ಲುನೋವು ಬಂದರೆ ಚಾಳಿನ ಹೆಂಗಸರು ಅವರ ಡಬ್ಬಿಯಿಂದ ಚಿಟಿಕೆ ಇಸಿದುಕೊಳ್ಳುವರು. ನಮ್ಮವ್ವನೂ ಹಾಗೇ ಶುರುಮಾಡಿ ಆಮೇಲೆ ದಿನಾ ಹಚ್ಚತೊಡಗಿದ್ದಳು.

ವಿಜಾಪುರದ ಕಡೆಯಿಂದ ಬಂದ ಖಾಲಾ ಗೋವಾದ ಮ್ಹಾಪಸಾ ಬಸ್ ಸ್ಟ್ಯಾಂಡಿನ ಹಿಂದೆ ಜೋಳದ ರೊಟ್ಟಿ ಮಾರುತ್ತಿದ್ದರು. ಗಿರಾಕಿಗಳು ನಮ್ಮ ಕಡೆಯ ಹಮಾಲರು, ಗೌಂಡಿಗಳು. ನಿದ್ದೆಗಣ್ಣಿನಲ್ಲಿ ಬಂದವನನ್ನು ಅವರು ಮೊದಲು ಕೇಳುತ್ತಿದ್ದುದು, "ಬಾಯಿ ತೊಳದಿಯೇನು?" ಇಲ್ಲವೆಂದರೆ ನಳದ ಕಡೆ ಕೈ ತೋರಿಸುವರು. ಚಾಳಿನ ಮಕ್ಕಳು ಶಾಲೆಗೆ ಹೋಗುವ ಮುಂಚೆ ಅವರ ಬಾಗಿಲಲ್ಲಿ ಹಲ್ಲು ಕಿರಿದು ತೋರಿಸಿಯೇ ಮುಂದೆ ಹೋಗಬೇಕು.

"ಹಲ್ಲು ಹೋದ್ರ ಏನ್ ಮಾಡ್ತೀರಿ? ಈ ಊರಾಗಿನ ಮಂದಿ ಗತೆ ಅನ್ನ ನುಂಗಕೋತ ಕುಂದರ್ತೀರೇನು?"

ಅನ್ನವೆಂದರೆ ಅವರ ಪಾಲಿಗೆ ಹಲ್ಲಿಲ್ಲದವರ ಊಟ.

ಮಗ ಹೋಗುವಾಗ ಪೇಸ್ಟ್ ಹಚ್ಚಿಯೇ ಬ್ರಷ್ ತಿರುಗಿಸಬೇಕೆಂದು ಆಣೆ ಹಾಕಿಸಿಕೊಂಡು ಹೋದ. ಅವನ ಸಮಾಧಾನಕ್ಕೆಂದು ಖಾಲಾ ಹಾಗೇ ಮಾಡಿದರು. ಏಪ್ರಿಲ್ ಕೊನೆಯಲ್ಲೊಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಒಂದು ಕೈ ಕೆನ್ನೆಗೆ ಒತ್ತಿಕೊಂಡು ಬ್ರಷ್ ಚಾಚಿದರು. ಬಿಳಿ ಎಳೆಗಳ ತುಂಬ ರಕ್ತ.

"ನೋಡವಾ, ಕಡೀತು. ಎಡಗಡೆ ಗಲ್ಲದಾಗ. ಬೆರಳಿಗೆ ಕಣ್ಣಿರ್ತಾವ. ಈ ಮಶೀನಿಗೆ ಎಲ್ಲಿ ಬರಬೇಕು?"

ನಮ್ಮವ್ವ ಹೌದೆಂದಳು. ಚಾಳೆಲ್ಲ ಹೌದೆಂದಿತು. ಯಂತ್ರ ಸೋಮಾರಿಗಳಿಗೆ, ಕೈಯಿಂದ ತಿಕ್ಕುವುದೇ ಸರಿ ಎಂದು ತೀರ್ಮಾನವೂ ಆಯಿತು. ಖಾಲಾ ಬ್ರಷ್ಷಿನ ಸೆಲ್ ತೆಗೆದು ರೇಡಿಯೋಕ್ಕೆ ಹಾಕಿದರು. ಗಾಯಕ್ಕೆ ಮಿಶ್ರಿ ಒತ್ತಿದರು. ನೋವು ಹೋಯಿತೆಂದರು.

ಅಕ್ಟೋಬರ್ ೯, ಭಾನುವಾರ. ನಾನು ಅವರ ಮನೆಗೆ ಹೋದಾಗ ಖಾಲಾ ಗಂಜಿಯಂತೆ ಕಿವುಚಿದ ಅನ್ನ ಉಣ್ಣುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು.

"ಖಾಲಾ, ಅನ್ನ ಉಣ್ಣಾಕತ್ತೀರಿ?"

"ಬಾಯಿ ಪೂರಾ ತೆರಿಯಾಕ ಬರವಲ್ದವಾ. ಹಲ್ಲೇನ್ ಚಲೋ ಅದಾವ."

ಮರುದಿನ ಆಫೀಸಿಗೆ ರಜೆ ಹಾಕಿ ಪೇಟೆಯ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಆಕೆ ಮೊದಲು ನೋಡಿದ್ದು ಬಾಯಿಯನ್ನಲ್ಲ, ಆ ಕಪ್ಪು ಬೆರಳನ್ನು. ಆಮೇಲೆ ಸಣ್ಣ ಕನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿ, ಒಂದಕ್ಕೂ ಹುಳುಕಿಲ್ಲ ಎಂದರು. ನಾನು ಉಸಿರು ಬಿಟ್ಟೆ. ಅವರು ಕನ್ನಡಿಯನ್ನು ಕೆನ್ನೆಯ ಕಡೆ ತಿರುಗಿಸಿದರು.

ಬ್ರಷ್ ಕಡಿದದ್ದನ್ನು ನಾನು ಹೇಳಿದೆ. ಡಾಕ್ಟರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಬ್ರಷ್ ಗಾಯ ಮಾಡಿರಲಿಲ್ಲ. ಗಾಯ ಅದಕ್ಕೂ ಮುಂಚೆ ಅಲ್ಲಿತ್ತು. ನೋವಿದ್ದ ಜಾಗವನ್ನು ಬೆರಳು ತನಗೇ ತಿಳಿಯದಂತೆ ಬಿಟ್ಟು ಬಿಟ್ಟು ಹೋಗುತ್ತಿತ್ತು. ಯಂತ್ರಕ್ಕೆ ಆ ದಾಕ್ಷಿಣ್ಯವಿರಲಿಲ್ಲ, ತಾಗಿತು, ರಕ್ತ ಬಂತು. "ಆವತ್ತೇ ಬಂದಿದ್ದರೆ" ಎಂದು ಹಿಂದಿಯಲ್ಲಿ ಶುರುಮಾಡಿ, ಖಾಲಾರ ಮುಖ ನೋಡಿ ಪೆನ್ನು ಕೈಗೆತ್ತಿಕೊಂಡರು. ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಕ್ಯಾನ್ಸರ್ ಎಂಬ ಮಾತನ್ನು ಖಾಲಾ ಕೇಳಿಸಿಕೊಂಡರೋ ಇಲ್ಲವೋ, ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಸಲ ಹೇಳಿದರು: "ಹಲ್ಲು ಮಾತ್ರ ಒಂದೂ ಕೆಟ್ಟಿಲ್ಲಂತ ನೋಡು."

ಆಪರೇಶನ್ನಿನಲ್ಲಿ ಎಡಗಡೆಯ ಕೆಳದವಡೆಯನ್ನು ಹಲ್ಲುಗಳ ಸಮೇತ ತೆಗೆದರು. ಹಮಾಲರನ್ನು ನಳಕ್ಕೆ ಅಟ್ಟುತ್ತಿದ್ದ ಬಾಯಿ ಅದು.

ಮನೆಗೆ ಬಂದವರೇ ಖಾಲಾ ಒಡಕು ಹಂಚನ್ನು ಕಲ್ಲಿಗೆ ಬಡಿದು ಪುಡಿಮಾಡಿದರು. ನನ್ನ ಕೈಗೆ ಟಾರ್ಚ್ ಕೊಟ್ಟು ಚಾಳಿನ ಹೆಂಗಸರನ್ನೆಲ್ಲ ಬಾಗಿಲಿಗೆ ಕರೆಸಿದರು. ಮಾತು ತೊದಲುತ್ತಿತ್ತು, ಗತ್ತು ಹಳೆಯದೇ. "ಹಲ್ಲಲ್ಲ. ಗಲ್ಲ ತೋರ್ಸ್ರಿ." ನಮ್ಮವ್ವ ನಾಚಿ ಹಿಂದೆ ಸರಿದಳು. ಖಾಲಾ ಆಕೆಯ ಗದ್ದ ಹಿಡಿದು ಬಾಯಿ ತೆರೆಸಿದರು. ಟಾರ್ಚ್ ಹಿಡಿದ ನನಗೇ ಮೊದಲು ಕಂಡಿತು: ಕೆನ್ನೆಯ ಒಳಗೆ, ಹಾಲಿನ ಕೆನೆಯಂಥ ಬಿಳಿ ಕಲೆ.

ಅದೇ ಡಾಕ್ಟರು ಅವ್ವನ ಮಿಶ್ರಿ ಬಿಡಿಸಿದರು. ಕಲೆ ಇನ್ನೂ ಕ್ಯಾನ್ಸರ್ ಆಗಿಲ್ಲ, ಸಮಯಕ್ಕೆ ಬಂದಿರಿ ಎಂದರು.

ಖಾಲಾ ೧೯೯೬ರ ಜನವರಿಯಲ್ಲಿ, ರಮ್ಜಾನಿಗೆ ಸ್ವಲ್ಪ ಮುಂಚೆ ತೀರಿಕೊಂಡರು. ನಾನೂ ಅವ್ವನೂ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಮಗ ಬಂದು, ಮಣ್ಣು ಮಾಡಿ, ಮನೆ ಖಾಲಿ ಮಾಡಿ ಹೋಗಿದ್ದ. ಚಾಳಿನ ಯಾರೋ ಅವನಿಗೆ, "ನೀ ತಂದ ಮಶೀನ್ ಕಡೀತಲ್ಲ, ಅಲ್ಲಿಂದನ ಶುರುವಾತು" ಎಂದರಂತೆ. ಅವನು ಬ್ರಷ್ಷನ್ನು ಕಸದ ಗುಂಡಿಗೆ ಎಸೆದು ಹೋದನಂತೆ.

ವಿಜಾಪುರದ ಕಡೆಯವನು, ಮಸ್ಕತ್ತಿನಲ್ಲಿ ಲಾರಿ ನಡೆಸುತ್ತಿದ್ದವನು, ತಾಯಿ ಮ್ಹಾಪಸಾದಲ್ಲಿ ರೊಟ್ಟಿ ಮಾರುತ್ತಿದ್ದರು. ಇಂಥವನು ಈಗ ಎಲ್ಲಿದ್ದಾನೆಂದು ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅಥವಾ ನೀವೇ ಅವನಿಗೆ ಹೇಳಿ: ಆ ಬ್ರಷ್ ಕಡಿದಿರಲಿಲ್ಲ, ಇದ್ದ ಗಾಯವನ್ನು ತೋರಿಸಿಕೊಟ್ಟಿತ್ತು. ನಮ್ಮವ್ವ ಇವತ್ತಿಗೂ ಜೋಳದ ರೊಟ್ಟಿ ಕಡಿದು ತಿನ್ನುತ್ತಾಳೆ.