ಟೀವಿಯಲ್ಲಿ ಬಾರದ ತಮ್ಮ

ಬ್ರೆಡ್ಡು ತಿನ್ನುವಾಗ ಪಕ್ಕದ ಮನೆ ಅಜ್ಜಿಯ ಎಡಗೈ ಗದ್ದದ ಕೆಳಗೆ ದೊನ್ನೆಯಂತೆ ಮಡಚಿರುತ್ತಿತ್ತು. ಉದುರಿದ ಚೂರನ್ನೆಲ್ಲ ಬಾಯಿಗೆ ಹಾಕಿಕೊಂಡು, ಅಂಗೈ ನೆಕ್ಕಿ, ಆಮೇಲೆಯೇ ಮಾತು. ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷ ನಮ್ಮದು ಒಂದೇ ಗೋಡೆ. ಅವರು ರಷ್ಯಾದವರು. "ನಿಮ್ಮಿಬ್ಬರ ಇಂಗ್ಲಿಷು ಕೂಡಿಸಿದ್ರೆ ಒಂದು ವಾಕ್ಯ ಆಗುತ್ತೆ ಕಣೇ" ಅಂತ ನಮ್ಮನೆಯವರು ನಗುತ್ತಿದ್ದರು.

ಮೊದಲ ವರ್ಷ ಒಂದು ಏಕಾದಶಿ ದಿನ ಅಜ್ಜಿ ನಮ್ಮನೆಗೆ ಬಂದಾಗ, ಇವತ್ತು ನನಗೆ ಊಟವಿಲ್ಲ ಅಂದೆ.

"ಮನೇಲಿ ಏನೂ ಇಲ್ವಾ?"

"ಇದೆ ಅಜ್ಜಿ. ದೇವರಿಗೆ ಅಂತ ಉಪವಾಸ."

ಮುಖ ಬಿಳಿಚಿಕೊಂಡಿತು. ಹೋಗಿ ಕಪ್ಪು ಬ್ರೆಡ್ಡು ತಂದರು. "ಇದ್ದೂ ತಿನ್ನಬೇಡ ಅನ್ನೋ ದೇವರಿಗೆ ಹಸಿವು ಗೊತ್ತಿಲ್ಲ ಮಗಳೇ. ತಿನ್ನು." ತಿನ್ನುವ ತನಕ ಕದಲಲಿಲ್ಲ. ತಿಂದೆ. ಕೃಷ್ಣಾ ತಪ್ಪಾಯ್ತು ಅಂತ ಗಲ್ಲ ಬಡಿದುಕೊಂಡೆ.

ಅವರ ಊರು ಲೆನಿನ್‌ಗ್ರಾಡ್. ಯುದ್ಧದಲ್ಲಿ ಜರ್ಮನರು ಸುತ್ತುಗಟ್ಟಿದಾಗ ಜನ ಹಸಿವಿನಿಂದ ರಾಶಿ ರಾಶಿ ಸತ್ತ ಊರು. ಅದರ ಡಾಕ್ಯುಮೆಂಟರಿ ಯಾವುದು ಬಂದರೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಾನು ಹುರುಳಿಕಾಯಿ ಬಿಡಿಸುತ್ತ ಕೂರುತ್ತಿದ್ದೆ. ರಷ್ಯಾದವರು ಮಾಡಿದ್ದರಲ್ಲಿ ಬ್ಯಾಂಡು, ಬಾವುಟ. ಇಲ್ಲಿಯವರದ್ದರಲ್ಲಿ ಮ್ಯಾಪು, ಬಾಣದ ಗುರುತು, ಕೋಟು ಹಾಕಿದ ಪ್ರೊಫೆಸರು. ಹಿಮದಲ್ಲಿ ಬಟ್ಟೆ ಸುತ್ತಿದ ಹೆಣವನ್ನು ಮಕ್ಕಳ ಜಾರುಬಂಡಿಯ ಮೇಲೆ ಎಳೆದೊಯ್ಯುವ ಹೆಂಗಸು ಮಾತ್ರ ಎರಡರಲ್ಲೂ ಅವಳೇ.

"ಅವರಿಗೆ ನಾವು ವೀರರು, ಇವರಿಗೆ ಅಯ್ಯೋ ಪಾಪ ಅನ್ನಿಸೋರು. ನಾವು ಏನು ಮಾಡಿದ್ವಿ ಅಂತ ಯಾರೂ ಕೇಳಲ್ಲ" ಅನ್ನುತ್ತಿದ್ದರು.

ಹೋದ ವರ್ಷ ಕೇಳುವವರು ಬಂದರು, ಕ್ಯಾಮೆರಾ ಹೊತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು ಕೂತರು. ಹೇಳಿದ್ದು ಇಷ್ಟು. ತನಗೆ ಆರು ವರ್ಷ, ತಮ್ಮ ಮಿತ್ಯಾನಿಗೆ ನಾಲ್ಕು. ಚಳಿಗಾಲದಲ್ಲಿ ಮಿತ್ಯಾ ಸತ್ತ. ಅಮ್ಮ ಯಾರಿಗೂ ತಿಳಿಸಲಿಲ್ಲ. ಹೆಣವನ್ನು ತಣ್ಣನೆಯ ಕೋಣೆಯಲ್ಲಿಟ್ಟು, ತಿಂಗಳು ಮುಗಿಯುವ ತನಕ ಅವನ ಕಾರ್ಡಿನ ರೇಷನ್ ಬ್ರೆಡ್ಡು ತಂದಳು. "ಅದನ್ನ ತಿಂದವಳು ನಾನು. ಅವನು ಸತ್ತಿದ್ದು ಗೊತ್ತಿತ್ತು. ರುಚಿಯಾಗೂ ಇತ್ತು."

ಕ್ಯಾಮೆರಾದವರು ಹೋದ ಮೇಲೆ ಕೇಳಿದೆ, ನಿಮ್ಮ ಮಗನಿಗೆ ಇದು ಗೊತ್ತಾ ಅಂತ.

"ಇಲ್ಲ. ತಮ್ಮ ಇದ್ದ ಅಂತಲೇ ಗೊತ್ತಿಲ್ಲ. ಅವನ ಮುಖ ನೋಡ್ಕೊಂಡು ನನ್ನ ಕೈಲಿ ಆಗಲ್ಲ. ಟೀವಿ ಹೇಳಲಿ."

ಪ್ರಸಾರದ ಭಾನುವಾರ ಮಗ ಗಿಲ್‌ರಾಯ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಅಜ್ಜಿ ಒಳ್ಳೆಯ ಬಟ್ಟೆ ಹಾಕಿದ್ದರು. ಜಾರುಬಂಡಿಯ ಹೆಂಗಸು ಬಂದಳು, ಆಮೇಲೆ ಅಜ್ಜಿ: "ಕತ್ತಲಲ್ಲಿ ಅಮ್ಮ ಹಾಡೋಳು. ನಾವೂ ಹಾಡ್ತಿದ್ವಿ." ಪಿಟೀಲು ಶುರುವಾಯಿತು. ಮಗ ಹಣೆಗೆ ಮುತ್ತಿಟ್ಟು, "ಮಮ್ಮಾ, ನೀನು ಹೀರೋ!" ಅಂದ.

"ಇರು, ಇನ್ನೂ ಇದೆ" ಅಂದರು ಅಜ್ಜಿ. ಹೆಸರುಗಳು ಮೇಲೇರುತ್ತಿದ್ದವು. ಕೊನೆಯ ಹೆಸರಿನ ತನಕ ಕಾದರು.

ಮಾರನೇ ದಿನ ಆ ಡಾಕ್ಯುಮೆಂಟರಿಯ ನಿರ್ದೇಶಕಿಗೆ ನಾನೇ ಫೋನು ಮಾಡಿದೆ. ನಯವಾಗಿಯೇ ಹೇಳಿದಳು, ಮಿತ್ಯಾನ ವಿಷಯ ನೋಡುವವರಿಗೆ ತೀರಾ ಭಾರವಾಗುತ್ತಿತ್ತಂತೆ. ನೀವೇ ಮಗನಿಗೆ ಹೇಳಿಬಿಡಿ ಅಜ್ಜಿ ಅಂತ ಗೋಗರೆದೆ. "ಒಂದು ಸಲ ಹೇಳೋಕೆ ಎಂಬತ್ತು ವರ್ಷ ಹಿಡೀತು ಮಗಳೇ" ಅಂದರು. ಆಮೇಲೆ ಅವರ ಮನೆಯಲ್ಲಿ ಟೀವಿ ಸದ್ದು ಕೇಳಿಸಲಿಲ್ಲ.

ಈ ಮಾರ್ಚ್‌ನಲ್ಲಿ ಹೋದರು, ನಿದ್ದೆಯಲ್ಲೇ. ಹಿಂದಿನ ದಿನ ನನ್ನ ಕೈಯಿಂದ ನಾಲ್ಕು ತುತ್ತು ಸಾರನ್ನ ತಿಂದಿದ್ದರು. ಸ್ವಾಮಿ ಅಷ್ಟಾದರೂ ನಡೆಸಿಕೊಟ್ಟ.

ಅಂತ್ಯಕ್ರಿಯೆಯಲ್ಲಿ ಪರದೆ ಕಟ್ಟಿ ಆ ಹಾಡಿನ ತುಣುಕನ್ನೇ ಹಾಕಿದರು. ಮಗ ಅಳುತ್ತ, ಹೆಮ್ಮೆಪಡುತ್ತ ನನ್ನ ಹತ್ತಿರ ಬಂದ. "ಅಮ್ಮ ಒಬ್ಬಳೇ ಮಗಳು ಆಂಟಿ. ಅಷ್ಟು ಕಷ್ಟದಲ್ಲಿ ಜೊತೆಗೆ ಒಬ್ಬ ತಮ್ಮನೋ ತಂಗಿನೋ ಇರಬೇಕಿತ್ತು, ಅಲ್ವಾ?"

ಮಿತ್ಯಾ ಅನ್ನುವ ಹೆಸರು ನಾಲಿಗೆ ತುದಿಗೆ ಬಂತು. ಅವನ ಮುಖ ನೋಡಿದೆ.

"ಹೌದಪ್ಪ, ಇರಬೇಕಿತ್ತು" ಅಂದೆ.