ಕೂಡಿದರೆ ಹದಿನಾಲ್ಕು

"ಬಾಟಲಿ ತೊಳೆಯೋಕೆ ಬಂದವರು ಬಾಟಲಿ ತೊಳೀರಿ! ನನ್ನ ಉತ್ತರ ತಿದ್ದೋಕೆ ಬರ್ಬೇಡಿ!"

"ತೊಳೆದಿದ್ದೀನಿ ಸರ್. ನೀವು ಬರೆದಿರೋ ಒಂದು ಸಂಖ್ಯೆ ಮಾತ್ರ ತೊಳೆಯೋಕಾಗ್ತಿಲ್ಲ."

ಬೆಳಗಿನ ಆರೂವರೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೂಗಾಡುತ್ತಿರುವವರು ಈ ವರ್ಷ ಬಂದ ಹೊಸ ಮೇಷ್ಟ್ರು. ಕಲ್ಲಿನ ಮೇಜಿನ ಆಚೆ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತಿರುವವರು ಇಪ್ಪತ್ತಾರು ವರ್ಷದಿಂದ ಇಲ್ಲಿ ದ್ರಾವಣ ತಯಾರಿಸುವ ಸಹಾಯಕಿ. ವಿದ್ಯಾರ್ಥಿಗಳ ಬಾಯಲ್ಲಿ ಹದಿನಾಲ್ಕರ ಅಕ್ಕ.

ಒಂಬತ್ತಕ್ಕೆ ನಲವತ್ತೆರಡು ಮಕ್ಕಳಿಗೆ ಪರೀಕ್ಷೆ. ಅಮೋನಿಯ ಮತ್ತು ಅಮೋನಿಯಂ ಉಪ್ಪನ್ನು ಸಮಸಮ ಬೆರೆಸಿದ ದ್ರಾವಣ ಕೊಡುತ್ತಾರೆ. ಅದರ ಪಿಎಚ್ ಅಳೆದು ಬರೆಯಬೇಕು. ಅಕ್ಕನ ಮೀಟರು ತೋರಿಸುವುದು ಒಂಬತ್ತೂಕಾಲು. ಮೇಷ್ಟ್ರ ಉತ್ತರದ ಹಾಳೆಯಲ್ಲಿರುವುದು ನಾಲ್ಕೂಮುಕ್ಕಾಲು. ಅಂದರೆ ಸರಿಯಾಗಿ ಅಳೆದವರಿಗೆಲ್ಲ ಸೊನ್ನೆ.

"ಪುಸ್ತಕದಲ್ಲೇ ಅಮೋನಿಯದ ಮುಂದೆ ನಾಲ್ಕೂಮುಕ್ಕಾಲು ಅಂತಿದೆ!"

"ಇದೆ ಸರ್. ಅದು ಪ್ರತ್ಯಾಮ್ಲದ ಸಂಖ್ಯೆ. ಸಮಸಮ ಬೆರೆಸಿದಾಗ ಪಿಎಚ್ ಅಂದ್ರೆ ಅದರ ಜೋಡಿ ಆಮ್ಲದ ಸಂಖ್ಯೆ. ಅದು ಬೇಕು ಅಂದ್ರೆ ಇದನ್ನ ಹದಿನಾಲ್ಕರಲ್ಲಿ ಕಳೀಬೇಕು."

ಅಕ್ಕ ಓದಿದ್ದು ಏಳನೇ ತರಗತಿ. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಬಂದವರು. ಆಗಿದ್ದ ಹಿರಿಯ ಮೇಷ್ಟ್ರೊಬ್ಬರು ಎರಡು ಪೆನ್ಸಿಲ್ ಕೊಟ್ಟು, ಆಮ್ಲದ ಬಲ ಹೇಳುವ ಸಂಖ್ಯೆ ಕೆಂಪಲ್ಲಿ, ಅದರ ಜೋಡಿ ಪ್ರತ್ಯಾಮ್ಲದ್ದು ನೀಲಿಯಲ್ಲಿ ಬರೆಯಲು ಕಲಿಸಿದರು. ಇಂದಿಗೂ ಪ್ರತಿ ಬಾಟಲಿಯ ಮೇಲೆ ಎರಡೂ ಇರುತ್ತವೆ. ಕೂಡಿದರೆ ಹದಿನಾಲ್ಕಾಗದ ಬಾಟಲಿ ಕಪಾಟು ಹತ್ತುವುದಿಲ್ಲ.

ಪುಸ್ತಕದವರು ಈ ಜೋಡಿಯ ಎರಡು ಸ್ಥಿರಾಂಕಗಳನ್ನು ಗುಣಿಸಿದರೆ ನೀರಿನ ಸ್ಥಿರಾಂಕ ಎನ್ನುತ್ತಾರೆ. ಆ ಪುಟ್ಟ ಪುಟ್ಟ ಭಿನ್ನರಾಶಿಗಳನ್ನು ಲಾಗರಿತಮ್ಮಿಗೆ ಇಳಿಸಿದರೆ ಗುಣಾಕಾರ ಹೋಗಿ ಕೂಡಿಕೆಯಾಗುತ್ತದೆ. ಅಕ್ಕನ ವಿವರಣೆ ಇನ್ನೂ ಸಲೀಸು: "ಆಮ್ಲ ಅಂದ್ರೆ ಪ್ರೋಟಾನ್ ಕೊಡೋನು. ಧಾರಾಳವಾಗಿ ಕೊಟ್ಟೋನು ವಾಪಸ್ ಕೇಳಲ್ಲ. ಜಿಪುಣನ ಕೈಯಿಂದ ಕಿತ್ಕೊಂಡು ನೋಡಿ, ವಾಪಸ್ ಕಿತ್ಕೊಳ್ಳೋಕೆ ಮೈಮೇಲೆ ಬೀಳ್ತಾನೆ. ಒಂದು ಏರಿದ್ರೆ ಇನ್ನೊಂದು ಇಳೀಲೇಬೇಕು."

ಪದವಿ ಪಡೆದವರ ಬಾಯಲ್ಲಿ ಇಷ್ಟು ಚೊಕ್ಕವಾಗಿ ನಾನು ಕೇಳಿಲ್ಲ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಅಕ್ಕ ಬೆಳಗಿನ ಐದಕ್ಕೇ ಬಂದು ಬೀಗ ತೆಗೆಯುತ್ತಾರೆ. ದಿನಕ್ಕೆ ಇನ್ನೂರು ಬಾಟಲಿ, ಅರವತ್ತು ಪಿಪೆಟ್ಟು. ಇಷ್ಟು ಬೇಗ ಏಕೆ ಎಂದರೆ ಗೋಡೆಯ ಉಷ್ಣಮಾಪಕ ತೋರಿಸುತ್ತಾರೆ: ಇಪ್ಪತ್ತೈದು ಡಿಗ್ರಿ. "ಈ ಹದದಲ್ಲೇ ಹದಿನಾಲ್ಕು. ಬಿಸಿಲೇರಿದ್ರೆ ಮೊತ್ತ ಕುಸಿಯುತ್ತೆ." ಬಲಗೈಯ ಎರಡು ಬೆರಳಿಗೆ ಉಗುರಿಲ್ಲ, ಕಾಸ್ಟಿಕ್ ಸೋಡ ತಿಂದಿದೆ. "ಅದಕ್ಕೂ ಹಸಿವು ಇರುತ್ತಲ್ಲ" ಎಂದು ನಗುತ್ತಾರೆ.

ಮೇಷ್ಟ್ರಿಗೆ ನಗು ಬಂದಿಲ್ಲ. "ಈಗ ಹಾಳೆ ತಿದ್ದಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೀಟರಲ್ಲಿ ನಾಲ್ಕೂಮುಕ್ಕಾಲು ಬರೋ ತನಕ ಹೈಡ್ರೋಕ್ಲೋರಿಕ್ ಸುರೀರಿ!"

"ಅಮೋನಿಯನೇ ಸತ್ತು ಹೋಗುತ್ತೆ ಸರ್. ಬಾಟಲಿ ಮೇಲೆ ಒಂದು, ಒಳಗೆ ಇನ್ನೊಂದು. ಆ ಪಾಪ ನನ್ನ ಕೈಯಲ್ಲಿ ಆಗಲ್ಲ."

"ಹಾಗಾದ್ರೆ ನಾಳೆಯಿಂದ ನೀವಿರಲ್ಲ!"

"ನಾಳೆ ವಿಷಯ ನಾಳೆ. ಇವತ್ತು ಮಕ್ಕಳು ಬರ್ತಾರೆ." ಎರಡು ಬಾಟಲಿ ತಂದು ಅವರ ಮುಂದಿಡುತ್ತಾರೆ. "ವಿನೆಗರ್ ಆಮ್ಲದ್ದು ಕೆಂಪಲ್ಲಿ ನಾಲ್ಕೂಮುಕ್ಕಾಲು ಚಿಲ್ಲರೆ. ಅಮೋನಿಯದ್ದು ನೀಲೀಲಿ ನಾಲ್ಕೂಮುಕ್ಕಾಲು. ಅವಳಿ ಮಕ್ಕಳ ಥರ ಇದಾವೆ, ಯಾರಿಗಾದ್ರೂ ಕಣ್ಣು ತಪ್ಪುತ್ತೆ. ನಾನೂ ಮೊದಲ ವರ್ಷ ತಪ್ಪಿದ್ದೆ ಸರ್."

ಮೇಷ್ಟ್ರು ಬಾಟಲಿಯನ್ನೊಮ್ಮೆ, ಮೀಟರನ್ನೊಮ್ಮೆ ನೋಡುತ್ತಾರೆ. ಮೀಟರು ಕದಲುವುದಿಲ್ಲ. "ಮುಖ್ಯಸ್ಥರನ್ನೇ ಕರ್ಕೊಂಡು ಬರ್ತೀನಿ" ಎಂದು ಬಾಗಿಲು ದಡಾರನೆ ಎಳೆದು ಹೋಗುತ್ತಾರೆ.

ಎಂಟೂವರೆಗೆ ಮುಖ್ಯಸ್ಥರು ಬರುತ್ತಾರೆ, ಒಬ್ಬರೇ. ಮೇಷ್ಟ್ರು ಅವರ ಬಳಿ ಹೋಗಿಯೇ ಇಲ್ಲ; ಅವರಿಗೆ ಯಾರೂ ಏನೂ ಹೇಳಿಲ್ಲ. ಅಕ್ಕ ಹಾಳೆ ತೋರಿಸುತ್ತಾರೆ. ಅವರು ಮನಸ್ಸಲ್ಲೇ ಕಳೆದು, ನಾಲ್ಕೂಮುಕ್ಕಾಲಿನ ಮೇಲೆ ಗೀಟೆಳೆದು ಒಂಬತ್ತೂಕಾಲು ಬರೆದು ಸಹಿ ಹಾಕುತ್ತಾರೆ.

"ನನ್ನಾಸೆ ಇಷ್ಟೇ," ಎನ್ನುತ್ತಾರೆ ಅಕ್ಕ, ಟ್ರೇ ಜೋಡಿಸುತ್ತ. "ಪುಸ್ತಕದಲ್ಲೂ ಎರಡು ಬಣ್ಣ ಹಾಕ್ಲಿ."

ಒಂಬತ್ತರ ಗಂಟೆ ಹೊಡೆಯುತ್ತದೆ. ಮಕ್ಕಳು ಬಂದು ಮೀಟರಿಗೆ ಬಾಗುತ್ತಾರೆ. ಮೇಷ್ಟ್ರು ಬಂದಿಲ್ಲ. ಅವರ ಕುರ್ಚಿಯ ಬೆನ್ನಿಗೆ ಬಿಳಿ ಕೋಟು ತೂಗುತ್ತಿದೆ. ಸಂಜೆ ಬೀಗ ಹಾಕುವಾಗಲೂ ಅದು ಅಲ್ಲೇ ಇದೆ.